ದಾನವಾಗಿ ಬಂದ ಪೆನ್‌ಡ್ರೈವ್‌ನಲ್ಲಿ ವೈರಸ್: ಕಡತವನ್ನು ಅಳಿಸಬೇಕೇ, ಉಳಿಸಬೇಕೇ?

ಕಡತಪಾಲಕಿ:
ನಮ್ಮ ಪತ್ರಾಗಾರಕ್ಕೆ ದಿವಂಗತ ಸಂಶೋಧಕರೊಬ್ಬರ ಕುಟುಂಬದವರು ಕೈಬರಹದ ಟಿಪ್ಪಣಿಗಳ ಜೊತೆಗೆ ಎರಡು ಪೆನ್‌ಡ್ರೈವ್‌ಗಳನ್ನೂ ಕೊಟ್ಟಿದ್ದಾರೆ. ಒಂದನ್ನು ಕಚೇರಿಯ ಕಂಪ್ಯೂಟರಿಗೆ ಜೋಡಿಸಿದ ಕೂಡಲೇ, ಒಂದು ವರ್ಡ್ ಕಡತದಲ್ಲಿ ಮ್ಯಾಕ್ರೋ ವೈರಸ್ (ಕಡತದೊಳಗಿನ ಪುಟ್ಟ ಆದೇಶಸರಣಿಯಲ್ಲಿ ಅಡಗುವ ವೈರಸ್) ಇದೆಯೆಂದು ತೋರಿಸಿದ ಆಂಟಿವೈರಸ್, ನನ್ನನ್ನು ಕೇಳದೆಯೇ ಅದನ್ನು ‘ಶುದ್ಧ’ಗೊಳಿಸಿಬಿಟ್ಟಿತು. ಕಚೇರಿಯ ಸುರಕ್ಷತೆಗೂ ದಾಖಲೆಯ ಯಥಾಸ್ಥಿತಿಗೂ ಧಕ್ಕೆಯಾಗದಂತೆ ಇಂಥವನ್ನು ನಿರ್ವಹಿಸುವ ಕ್ರಮ ಯಾವುದು?

ಹಳೆಯ ಕಪಾಟು:
ಮೊದಲು ಆಂಟಿವೈರಸ್‌ನ ಕ್ವಾರಂಟೈನ್ ಪಟ್ಟಿಯನ್ನು, ಅಂದರೆ ಅದು ಪ್ರತ್ಯೇಕಿಸಿಟ್ಟ ಶಂಕಿತ ಕಡತಗಳ ಪಟ್ಟಿಯನ್ನು, ನೋಡಿ. ಶುದ್ಧಗೊಳಿಸುವ ಮುನ್ನ ಮೂಲದ ಒಂದು ಪ್ರತಿಯನ್ನು ಅಲ್ಲಿ ತೆಗೆದಿಡುವ ತಂತ್ರಾಂಶಗಳು ಅನೇಕವಿವೆ. ಮುಂದೆ ಹೊರಗಿನಿಂದ ಬಂದ ಯಾವ ಸಾಧನವನ್ನೂ ಕಚೇರಿಯ ಜಾಲದಲ್ಲಿರುವ ಯಂತ್ರಕ್ಕೆ ಜೋಡಿಸಬೇಡಿ. ಜಾಲದಿಂದ ಬೇರ್ಪಡಿಸಿದ ಒಂದು ಹಳೆಯ ಕಂಪ್ಯೂಟರಿನಲ್ಲಿ, ರೈಟ್ ಬ್ಲಾಕರ್ (ಸಾಧನದ ಮೇಲೆ ಏನೂ ಬರೆಯದಂತೆ ತಡೆಯುವ ಉಪಕರಣ) ಮೂಲಕ, ಇಡೀ ಸಾಧನದ ಡಿಸ್ಕ್ ಇಮೇಜ್ (ಯಥಾವತ್ ನಕಲು) ತೆಗೆದು, ಅದರ ಎಸ್‌ಎಚ್‌ಎ-256 ಚೆಕ್‌ಸಮ್ (ಒಂದಕ್ಷರ ಬದಲಾದರೂ ಬೇರೆಯಾಗುವ, ಲೆಕ್ಕ ಹಾಕಿ ಪಡೆದ ಗುರುತು) ಬರೆದಿಟ್ಟುಕೊಂಡ ಮೇಲೆಯೇ ವೈರಸ್ ತಪಾಸಣೆ ನಡೆಯಲಿ, ಅದೂ ಪ್ರತಿಯ ಮೇಲೆ, ‘ವರದಿ ಮಾತ್ರ’ ಎಂಬ ಆಯ್ಕೆಯಲ್ಲಿ. ಆ ಪ್ರತಿಯನ್ನು ಸುಮಾರು ಒಂದು ತಿಂಗಳು ಪ್ರತ್ಯೇಕವಾಗಿಟ್ಟು, ಆಂಟಿವೈರಸ್ಸನ್ನು ನವೀಕರಿಸಿ ಮತ್ತೊಮ್ಮೆ ತಪಾಸಣೆ ಮಾಡುವುದು ಒಳ್ಳೆಯದು, ಏಕೆಂದರೆ ಇಂದು ಗುರುತು ಸಿಗದ ವೈರಸ್ಸಿನ ಗುರುತು ಆ ವೇಳೆಗೆ ಸೇರಿರಬಹುದು. ಸೋಂಕಿತ ಕಡತವೂ ದಾಖಲೆಯೇ. ಅದನ್ನು ಅಳಿಸದೆ, ಓದುಗರ ಕೈಗೆ ಸಿಗದಂತೆ ಬೀಗ ಹಾಕಿಡಿ.

ಒಂಟಿ ಗುಮಾಸ್ತ:
ರೈಟ್ ಬ್ಲಾಕರ್ ಇಲ್ಲದ ಸಣ್ಣ ಸಂಸ್ಥೆಗಳು ಲಿನಕ್ಸ್‌ನಲ್ಲಿ ‘ಓದಲು ಮಾತ್ರ’ ಎಂದು ಮೌಂಟ್ ಮಾಡಿ (ಸಾಧನದ ಕಡತಗಳು ಕಾಣುವಂತೆ ಜೋಡಿಸಿ) ನಿಭಾಯಿಸುವುದುಂಟು. ನಾನೂ ಹಾಗೆಯೇ ಮಾಡುತ್ತಿದ್ದೆ. ಆದರೆ ಇಎಕ್ಸ್‌ಟಿ4ನಂತಹ ಕಡತವ್ಯವಸ್ಥೆ ಹಾಗೆ ಮೌಂಟ್ ಮಾಡಿದಾಗಲೂ ತನ್ನ ಜರ್ನಲ್‌ನಲ್ಲಿ (ಬದಲಾವಣೆಗಳ ದಿನಚರಿಯಲ್ಲಿ) ಬಾಕಿ ಉಳಿದ ಬರಹವನ್ನು ಸಾಧನದ ಮೇಲೆ ಪೂರ್ಣಗೊಳಿಸಬಲ್ಲದು ಎಂದು ತಿಳಿದ ಮೇಲೆ, ಮೌಂಟ್ ಮಾಡದೆಯೇ ನೇರವಾಗಿ ಇಮೇಜ್ ತೆಗೆಯತೊಡಗಿದೆ.

ಮೂರನೇ ಪ್ರತಿ:
ಪೆನ್‌ಡ್ರೈವ್‌ನ ವಿಷಯದಲ್ಲಿ ಹೇಳಿದ್ದೆಲ್ಲ ಸರಿ, ಆದರೆ ಅಪಾಯ ಬರುವ ಹೆದ್ದಾರಿ ಪಾಸ್‌ವರ್ಡು ಮತ್ತು ಇಮೇಲ್. 2023ರ ಅಕ್ಟೋಬರಿನಲ್ಲಿ ಬ್ರಿಟಿಷ್ ಲೈಬ್ರರಿಯ ಮೇಲೆ ರೈಸಿಡಾ ಎಂಬ ಗುಂಪು ರಾನ್ಸಮ್‌ವೇರ್ (ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ತಂತ್ರಾಂಶ) ದಾಳಿ ನಡೆಸಿ, ಸುಮಾರು 600 ಜಿಬಿ ದತ್ತಾಂಶವನ್ನು ಕದ್ದೊಯ್ದಿತು. ದೂರದಿಂದ ಕೆಲಸ ಮಾಡಲು ಇಟ್ಟಿದ್ದ, ಬಹುಹಂತದ ದೃಢೀಕರಣವಿಲ್ಲದ (ಪಾಸ್‌ವರ್ಡಿನ ಜೊತೆಗೆ ಮತ್ತೊಂದು ಪುರಾವೆ ಕೇಳದ) ಸರ್ವರ್ ಮೂಲಕ ಅವರು ಒಳಹೊಕ್ಕಿರಬೇಕೆಂದು ಗ್ರಂಥಾಲಯವೇ 2024ರ ವರದಿಯಲ್ಲಿ ಹೇಳಿಕೊಂಡಿತು. ಡಿಜಿಟಲ್ ಸಂಗ್ರಹದ ಸುರಕ್ಷಿತ ಪ್ರತಿಗಳು ಅವರಲ್ಲಿದ್ದವು. ಆದರೆ ಅವುಗಳನ್ನು ಮರಳಿ ತುಂಬಿಸಲು ಸುಸ್ಥಿತಿಯ ವ್ಯವಸ್ಥೆಯೇ ಉಳಿದಿರಲಿಲ್ಲ. ಆದ್ದರಿಂದ ಬ್ಯಾಕಪ್ ಇದೆಯೇ ಎಂದಷ್ಟೇ ಕೇಳದೆ, ಅದನ್ನು ಯಾವ ಯಂತ್ರದ ಮೇಲೆ, ಎಷ್ಟು ದಿನಗಳಲ್ಲಿ ಮರುಸ್ಥಾಪಿಸಬಲ್ಲಿರಿ ಎಂದು ಒಮ್ಮೆ ನಿಜವಾಗಿ ಮಾಡಿ ನೋಡಿ. ಚೆಕ್‌ಸಮ್ ಪಟ್ಟಿಯ ಒಂದು ಪ್ರತಿ ಬೇರೆ ಕಡೆ ಇರಲಿ. ಕಡತಗಳ ಪಕ್ಕದಲ್ಲಷ್ಟೇ ಇದ್ದರೆ, ಕಡತ ತಿದ್ದಿದವನು ಪಟ್ಟಿಯನ್ನೂ ತಿದ್ದಿಯಾನು.

ಕಡತಪಾಲಕಿ:
ಕ್ವಾರಂಟೈನ್‌ನಲ್ಲಿ ಮೂಲ ಕಡತ ಸಿಕ್ಕಿತು. ನಿರೀಕ್ಷಿಸಿದಂತೆ, ಎರಡರ ಚೆಕ್‌ಸಮ್ ಬೇರೆಯಾಗಿದೆ. ಮೂಲವನ್ನು ಬೇರ್ಪಡಿಸಿದ ಯಂತ್ರದಲ್ಲಿಟ್ಟು, ಶುದ್ಧಗೊಂಡದ್ದನ್ನು ಓದುಗರ ಪ್ರತಿಯೆಂದು ಗುರುತಿಸಿ, ನನ್ನಿಂದಾದ ತಪ್ಪನ್ನೂ ಸೇರಿಸಿ ನಡೆದದ್ದನ್ನು ಸೇರ್ಪಡೆ ವಹಿಯಲ್ಲಿ ದಿನಾಂಕ ಸಹಿತ ಬರೆದಿದ್ದೇನೆ. ಎರಡನೆಯ ಪೆನ್‌ಡ್ರೈವನ್ನು ಇನ್ನೂ ಜೋಡಿಸಿಲ್ಲ.