ಎರೆಮಣ್ಣಿನ ಮೇಲಿನ ಮನೆ ಮತ್ತು ಬೇಸಿಗೆಯಲ್ಲಿ ಬಾಯಿ ಬಿಡುವ ಬಿರುಕು: ಸಿವಿಲ್ ಎಂಜಿನಿಯರ್ ಜೊತೆ ವೇದಿಕೆಯ ಸದಸ್ಯರ ಪ್ರಶ್ನೋತ್ತರ

ಪ್ರಶ್ನೆ (ನವಲಗುಂದ ತಾಲ್ಲೂಕಿನ ನಿವೃತ್ತ ಶಿಕ್ಷಕಿ):

ನಮಸ್ಕಾರ ಸರ್. ನಮ್ಮದು 2012ರಲ್ಲಿ ಕಟ್ಟಿಸಿದ ಒಂದೇ ಅಂತಸ್ತಿನ ಮನೆ. ಸುತ್ತಲೂ ಎರೆಭೂಮಿ, ನಮ್ಮ ನಿವೇಶನವೂ ಅದೇ. ನಾಲ್ಕು ಅಡಿ ಪಾಯ ತೆಗೆದು ಕಲ್ಲಿನ ಬುನಾದಿ ಹಾಕಿ, ಅದರ ಮೇಲೆ ಇಟ್ಟಿಗೆ ಗೋಡೆ ಎಬ್ಬಿಸಿದ್ದಾರೆ. ವಾಯವ್ಯ ಮೂಲೆಯ ಕೋಣೆಯಲ್ಲಿ ಕಿಟಕಿಯ ಮೂಲೆಯಿಂದ ಹೊರಟ ಬಿರುಕು ಮೆಟ್ಟಿಲು ಮೆಟ್ಟಿಲಾಗಿ ಓರೆಯಾಗಿ ಸ್ಲ್ಯಾಬಿನವರೆಗೆ ಹೋಗಿದೆ. ಕೆಳಗೆ ಅದು ದಾರದ ಎಳೆಯಷ್ಟಿದ್ದರೆ ಮೇಲೆ ನಾಲ್ಕೈದು ಮಿಲಿಮೀಟರ್ ಅಗಲವಿದೆ. ಆ ಕೋಣೆಯ ಬಾಗಿಲಿನ ಚಿಲಕ ಫೆಬ್ರವರಿಯಿಂದ ಮೇ ತನಕ ಕೂಡುವುದಿಲ್ಲ, ಆಗಸ್ಟ್ ಹೊತ್ತಿಗೆ ತಾನಾಗಿಯೇ ಕೂಡುತ್ತದೆ. ಗೌಂಡಿಯವರು ಎರಡು ಬೇಸಿಗೆಯಲ್ಲಿ ಸಿಮೆಂಟ್ ತುಂಬಿ ಬಣ್ಣ ಹೊಡೆದುಕೊಟ್ಟರು, ಎರಡು ಸಲವೂ ಮತ್ತೆ ಬಿರುಕು ಬಂತು. ಈಗ ಬುನಾದಿಯನ್ನೇ ಬಿಚ್ಚಿ ಹೊಸದಾಗಿ ಕಟ್ಟಬೇಕೆನ್ನುತ್ತಿದ್ದಾರೆ. ಅಷ್ಟು ದೊಡ್ಡ ಕೆಲಸ ಬೇಕೇ?

ಉತ್ತರ:

ನಮಸ್ಕಾರ ಮೇಡಂ. ನೀವು ಕೊಟ್ಟ ವಿವರಗಳಲ್ಲಿ ಬಿರುಕಿನ ಅಗಲಕ್ಕಿಂತ ಚಿಲಕದ ಮಾತೇ ನನಗೆ ಹೆಚ್ಚು ಉಪಯೋಗವಾಯಿತು. ಬುನಾದಿ ಭಾರ ತಾಳದೆ ಕುಸಿಯುತ್ತಿದ್ದರೆ ಬಾಗಿಲು ವರ್ಷದಿಂದ ವರ್ಷಕ್ಕೆ ಕೆಡುತ್ತಾ ಹೋಗುತ್ತಿತ್ತೇ ಹೊರತು ಆಗಸ್ಟ್‌ನಲ್ಲಿ ತಾನಾಗಿ ಸರಿಹೋಗುತ್ತಿರಲಿಲ್ಲ. ಬೇಸಿಗೆಯಲ್ಲಿ ತೆರೆದು ಮಳೆಗಾಲದಲ್ಲಿ ಮುಚ್ಚುವ ಬಿರುಕು ಮಣ್ಣಿನ ಉಸಿರಾಟವನ್ನು ತೋರಿಸುತ್ತದೆ. ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜವಿದ್ದು, ಅದರ ಪದರಗಳ ನಡುವೆ ನೀರು ಸೇರಿದಾಗ ಮಣ್ಣು ಉಬ್ಬುತ್ತದೆ, ನೀರು ಆರಿದಾಗ ಕುಗ್ಗುತ್ತದೆ. ಏಪ್ರಿಲ್ ತಿಂಗಳಲ್ಲಿ ನಿಮ್ಮ ಹೊಲಗಳಲ್ಲಿ ಅಂಗೈ ಇಳಿಯುವಷ್ಟು ಬಿರುಕು ಬಿಡುವುದನ್ನು ನೀವು ನೋಡಿಯೇ ಇರುತ್ತೀರಿ. ಅದೇ ಮಣ್ಣಿನ ಮೇಲೆ ನಿಮ್ಮ ಮನೆ ನಿಂತಿದೆ. ದಟ್ಟವಾದ ಎರೆಭೂಮಿಯಲ್ಲಿ ಈ ಋತುಮಾನದ ಏರಿಳಿತ ಸುಮಾರು 3.5 ಮೀಟರ್ ಆಳದವರೆಗೂ ಇರುತ್ತದೆ, ನಿಮ್ಮ ಬುನಾದಿ ಇಳಿದಿರುವುದು 1.2 ಮೀಟರ್ ಮಾತ್ರ.

ಇಡೀ ಮನೆ ಒಟ್ಟಿಗೆ ಏರಿ ಒಟ್ಟಿಗೆ ಇಳಿದಿದ್ದರೆ ಗೋಡೆ ಸೀಳುತ್ತಿರಲಿಲ್ಲ. ಮನೆಯ ನಡುಭಾಗದ ಕೆಳಗಿನ ಮಣ್ಣು ನೆಲಹಾಸಿನ ಮರೆಯಲ್ಲಿ ತೇವ ಉಳಿಸಿಕೊಳ್ಳುತ್ತದೆ. ಹೊರಗೋಡೆಯ, ಅದರಲ್ಲೂ ಮೂಲೆಗಳ ಕೆಳಗಿನ ಮಣ್ಣು ಬಿಸಿಲಿಗೆ ಒಣಗಿ ಕುಗ್ಗುತ್ತದೆ. ಆಗ ಮೂಲೆ ಇಳಿಯುತ್ತದೆ, ನಡುಭಾಗ ಇದ್ದಲ್ಲೇ ಇರುತ್ತದೆ. ಮೂಲೆ ಇಳಿದಾಗ ಬಿರುಕು ಮೇಲೆ ಅಗಲವಾಗಿ ಕೆಳಗೆ ಸಣ್ಣದಾಗಿರುತ್ತದೆ, ನಿಮ್ಮಲ್ಲಿರುವುದೂ ಹಾಗೆಯೇ. ನಡುಭಾಗವೇ ಇಳಿದಿದ್ದರೆ ಸಾಮಾನ್ಯವಾಗಿ ಬಿರುಕಿನ ಬಾಯಿ ಕೆಳಗಡೆ ಅಗಲವಿರುತ್ತಿತ್ತು.

ಆದ್ದರಿಂದ ಬುನಾದಿ ಬಿಚ್ಚುವ ಮಾತನ್ನು ಸದ್ಯಕ್ಕೆ ಬದಿಗಿಡಿ. ಮೊದಲು ಎರಡು ವಿಷಯ ತಿಳಿಸಿ. ಆ ಮೂಲೆಯ ಹತ್ತಿರ ಮರವಿದೆಯೇ? ಬಚ್ಚಲ ನೀರು, ಮಾಳಿಗೆಯ ನೀರು ಮತ್ತು ಸಂಪ್ ಯಾವ ಕಡೆಗಿವೆ?

ಪ್ರಶ್ನೆ (ಅದೇ ಸದಸ್ಯೆ):

ವಾಯವ್ಯ ಮೂಲೆಯಿಂದ ಹತ್ತು ಅಡಿ ದೂರದಲ್ಲಿ ಬೇವಿನ ಮರವಿದೆ. ಬಚ್ಚಲ ನೀರು ಆಗ್ನೇಯಕ್ಕೆ, ಹಿತ್ತಿಲಿನ ತೆಂಗಿನ ಬುಡಕ್ಕೆ ಹೋಗುತ್ತದೆ. ಸಂಪ್ ಕೂಡ ಆ ಕಡೆಗೇ, ಗೋಡೆಯಿಂದ ಆರು ಅಡಿ ದೂರದಲ್ಲಿದೆ. ಮಾಳಿಗೆಯ ನೀರು ಪೈಪಿನಿಂದ ನೇರವಾಗಿ ಗೋಡೆಯ ಬುಡಕ್ಕೆ ಬೀಳುತ್ತದೆ.

ಉತ್ತರ:

ಹಾಗಾದರೆ ಒಂದು ಮೂಲೆಯಲ್ಲಿ ಬೇವು ವರ್ಷವಿಡೀ ನೀರು ಹೀರುತ್ತಿದೆ, ಎದುರಿನ ಮೂಲೆಯಲ್ಲಿ ನೀವು ವರ್ಷವಿಡೀ ನೀರು ಉಣಿಸುತ್ತಿದ್ದೀರಿ. ಮೂರನೆಯ ಕಡೆ ಮಳೆಗಾಲದಲ್ಲಿ ಮಾತ್ರ ನೀರು ಸುರಿಯುತ್ತಿದೆ. ಒಂದೇ ಮನೆಯ ಕೆಳಗೆ ಮೂರು ಬಗೆಯ ತೇವ ಇರುವಾಗ ಗೋಡೆ ಸುಮ್ಮನಿರುವುದಿಲ್ಲ.

ದುರಸ್ತಿಗೆ ಕೈಹಾಕುವ ಮೊದಲು ಅಳತೆ ತೆಗೆಯಿರಿ, ಇದಕ್ಕೆ ಹೆಚ್ಚು ಖರ್ಚಿಲ್ಲ. ಬಿರುಕಿನ ಎರಡೂ ತುದಿಗಳಲ್ಲಿ ಪೆನ್ಸಿಲ್‌ನಿಂದ ಅಡ್ಡಗೆರೆ ಎಳೆದು ದಿನಾಂಕ ಬರೆಯಿರಿ, ಬಿರುಕು ಬೆಳೆದರೆ ಗೆರೆ ದಾಟಿ ಹೋಗುತ್ತದೆ. ಅಗಲವಿರುವ ಜಾಗದಲ್ಲಿ ಬಿರುಕಿನ ಆಚೆ ಈಚೆ ಒಂದೊಂದು ಸಣ್ಣ ಮೊಳೆ ಹೊಡೆದು, ಅವುಗಳ ನಡುವಿನ ಅಂತರವನ್ನು ವರ್ನಿಯರ್ ಕ್ಯಾಲಿಪರ್‌ನಿಂದ ಹದಿನೈದು ದಿನಕ್ಕೊಮ್ಮೆ ಅಳೆದು ವಹಿಯಲ್ಲಿ ಬರೆದಿಡಿ. ಪ್ರೌಢಶಾಲೆಯ ಪ್ರಯೋಗಾಲಯದ ಕ್ಯಾಲಿಪರ್ ಸಿಕ್ಕರೂ ಸಾಕು. ಹಾಗೆಯೇ ಗೌಂಡಿಯವರ ಬಳಿ ಇರುವ ನೀರು ತುಂಬಿದ ಪಾರದರ್ಶಕ ಲೆವೆಲ್ ಪೈಪಿನಿಂದ ಮನೆಯ ನಾಲ್ಕು ಮೂಲೆಗಳಲ್ಲೂ ಬುನಾದಿಯ ಮೇಲಿನ ಮೊದಲ ಇಟ್ಟಿಗೆ ಸಾಲು ಒಂದೇ ಮಟ್ಟದಲ್ಲಿದೆಯೇ ಎಂದು ನೋಡಿಸಿ. ಕಟ್ಟುವಾಗ ಆ ಸಾಲು ಮಟ್ಟವಾಗಿಯೇ ಇದ್ದಿರಬೇಕು. ಈಗ ವಾಯವ್ಯದಲ್ಲಿ ಕೆಳಗಿದ್ದರೆ ನನ್ನ ಊಹೆ ಸರಿ, ಆಗ್ನೇಯದಲ್ಲಿ ಮೇಲಿದ್ದರೆ ಅಲ್ಲಿ ಮಣ್ಣು ಉಬ್ಬಿದೆ ಎಂದು ತಿಳಿಯಬೇಕು. ಎರಡೂ ಒಟ್ಟಿಗೆ ಇದ್ದರೂ ನನಗೆ ಆಶ್ಚರ್ಯವಾಗದು.

ನಿಮ್ಮ ಬಿರುಕು ಎಷ್ಟು ಗಂಭೀರ ಎಂಬುದಕ್ಕೆ ಬ್ರಿಟನ್ನಿನ ಕಟ್ಟಡ ಸಂಶೋಧನಾ ಸಂಸ್ಥೆ ಮಾಡಿದ ವರ್ಗೀಕರಣವನ್ನು ನಾವೂ ಬಳಸುತ್ತೇವೆ. 1 ಮಿಲಿಮೀಟರ್‌ವರೆಗಿನದು ಬಣ್ಣದ ಕೆಲಸ, 5ರವರೆಗಿನದು ತುಂಬಿ ಸರಿಪಡಿಸುವಂಥದ್ದು. 5ರಿಂದ 15ರಲ್ಲಿ ಬಾಗಿಲು ಕಿಟಕಿ ಸಿಕ್ಕಿಕೊಳ್ಳುತ್ತವೆ, ಕೊಳಾಯಿ ಒಡೆಯಬಹುದು, ಗೋಡೆಯ ಕೆಲವು ಭಾಗ ಬಿಚ್ಚಿ ಕಟ್ಟಬೇಕಾಗಬಹುದು. ಅದಕ್ಕೂ ಮೇಲಾದರೆ ದೊಡ್ಡ ದುರಸ್ತಿಯೇ ಬೇಕು. ನೀವು ಎರಡನೆಯ ಮತ್ತು ಮೂರನೆಯ ವರ್ಗದ ಗಡಿಯಲ್ಲಿದ್ದೀರಿ.

ಪ್ರಶ್ನೆ (ಗದಗದ ಸದಸ್ಯರು):

ಬೇಸಿಗೆಯಲ್ಲಿ ಬಿರುಕು ಪೂರ್ತಿ ತೆರೆದಿರುವಾಗ ಗಟ್ಟಿ ಸಿಮೆಂಟನ್ನೋ ಎಪಾಕ್ಸಿಯನ್ನೋ (ಕಲ್ಲಿನಂತೆ ಗಟ್ಟಿಯಾಗುವ ರಾಸಾಯನಿಕ ಅಂಟು) ತುಂಬಿದರೆ ಒಳಗಿನವರೆಗೂ ಇಳಿಯುತ್ತದಲ್ಲವೇ? ನಮ್ಮ ಗುತ್ತಿಗೆದಾರರು ಹಾಗೆ ಹೇಳುತ್ತಾರೆ.

ಉತ್ತರ:

ಇಳಿಯುತ್ತದೆ, ತೊಂದರೆ ಹುಟ್ಟುವುದೂ ಅಲ್ಲಿಂದಲೇ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಇಂಥದೇ ಒಂದು ಮನೆಯ ಬಿರುಕಿಗೆ ಏಪ್ರಿಲ್‌ನಲ್ಲಿ ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳಿನ ಗಟ್ಟಿ ಗಾರೆ ತುಂಬಿಸಿ, ಕೆಲಸ ಅಚ್ಚುಕಟ್ಟಾಯಿತೆಂದು ಬೀಗಿದ್ದೆ. ಮಳೆ ಹಿಡಿದು ಮಣ್ಣು ಉಬ್ಬಿ ಮೂಲೆ ಮೇಲೆದ್ದಾಗ ಗೋಡೆಯ ಎರಡು ತುಂಡುಗಳು ಹಿಂದಿನ ಜಾಗಕ್ಕೆ ಬರಲು ನೋಡಿದವು. ಅಲ್ಲಿ ನನ್ನ ಗಾರೆ ಬೆಣೆಯಂತೆ ಕುಳಿತಿತ್ತು. ಆಗಸ್ಟ್‌ನಲ್ಲಿ ಹೋಗಿ ನೋಡಿದರೆ ಹಳೆಯ ಬಿರುಕಿನಿಂದ ಒಂದು ಗೇಣು ಆಚೆ ಹೊಸ ಬಿರುಕು! ಮನೆಯೊಡೆಯರು ಏನೂ ಅನ್ನದೆ ಚಹಾ ಕೊಟ್ಟರು, ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಎಪಾಕ್ಸಿ ಕಾಂಕ್ರೀಟಿನ ತೊಲೆಯಲ್ಲೋ ಕಂಬದಲ್ಲೋ ಚಲನೆ ನಿಂತುಹೋದ ಬಿರುಕಿಗೆ ಒಳ್ಳೆಯ ಮದ್ದು. ಕೆಳಗಿನ ನೆಲವೇ ಅಲುಗಾಡುತ್ತಿರುವ ಇಟ್ಟಿಗೆ ಗೋಡೆಗೆ ಅದನ್ನು ತುಂಬುವುದು ಹಣ ಪೋಲು ಮಾಡಿದಂತೆ.

ಪ್ರಶ್ನೆ (ಬೆಂಗಳೂರಿನ ಸದಸ್ಯರು):

ನಮ್ಮ ಮನೆಯಲ್ಲಿ ಕಾಂಕ್ರೀಟ್ ಕಂಬ ಮತ್ತು ಗೋಡೆ ಸೇರುವಲ್ಲಿ ನೆಟ್ಟಗೆ ಗೆರೆ ಎಳೆದಂತೆ ಬಿರುಕಿದೆ. ಇದೂ ಬುನಾದಿಯ ದೋಷವೇ?

ಉತ್ತರ:

ಬಹುಮಟ್ಟಿಗೆ ಅಲ್ಲ. ಎರಡು ಬೇರೆ ಬೇರೆ ವಸ್ತುಗಳು ಬಿಸಿಲಿಗೂ ಒಣಗುವಿಕೆಗೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವುದರಿಂದ ಅವು ಸೇರುವಲ್ಲಿ ಗಿಲಾವು ಸೀಳುತ್ತದೆ. ಗಿಲಾವು ಕಿತ್ತು, ಎರಡೂ ಕಡೆ ಆರಾರು ಇಂಚು ಬರುವಂತೆ ಕೋಳಿ ಜಾಲರಿ ಹೊಡೆದು ಮತ್ತೆ ಗಿಲಾವು ಮಾಡಿಸಿ. ಸ್ಲ್ಯಾಬಿನ ಕೆಳಗೆ ಅಡ್ಡಕ್ಕೆ ಹೋಗುವ ಗೆರೆಯೂ ಸಾಮಾನ್ಯವಾಗಿ ಬಿಸಿಲಿಗೆ ಸ್ಲ್ಯಾಬು ಹಿಗ್ಗುವುದರಿಂದ ಬರುವಂಥದ್ದು.

ಪ್ರಶ್ನೆ (ನವಲಗುಂದದ ಸದಸ್ಯೆ):

ಲೆವೆಲ್ ಪೈಪ್ ಹಿಡಿಸಿ ನೋಡಿದೆವು. ವಾಯವ್ಯ ಮೂಲೆ 14 ಮಿಲಿಮೀಟರ್ ಕೆಳಗಿದೆ, ಉಳಿದ ಮೂರು ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿವೆ. ಈಗ ಕೆಲಸವನ್ನು ಎಲ್ಲಿಂದ ಆರಂಭಿಸಬೇಕು?

ಉತ್ತರ:

ನೀರಿನಿಂದ ಆರಂಭಿಸಿ. ಮಾಳಿಗೆಯ ಪೈಪುಗಳನ್ನೆಲ್ಲ ಕೆಳಗೆ ಮುಚ್ಚಿದ ಕೊಳವೆಗೆ ಕೂಡಿಸಿ ಬೀದಿಯ ಚರಂಡಿಯವರೆಗೆ ಒಯ್ಯಿರಿ. ಬಚ್ಚಲ ನೀರನ್ನೂ ಗೋಡೆಯಿಂದ ದೂರಕ್ಕೆ ಸಾಗಿಸಿ. ಸಂಪನ್ನು ರಾತ್ರಿ ತುಂಬಿಸಿ ಮಟ್ಟ ಗುರುತು ಹಾಕಿ, ಬೆಳಿಗ್ಗೆಯವರೆಗೆ ನೀರು ಬಳಸದೆ ನೋಡಿ, ಇಳಿದಿದ್ದರೆ ಒಳಗೋಡೆಗೆ ಜಲನಿರೋಧಕ ಗಿಲಾವು ಮಾಡಿಸಿ.

ಆಮೇಲೆ ಮನೆಯ ಸುತ್ತ ಆರು ಅಡಿ ಅಗಲದ ಪ್ಲಿಂತ್ ಪ್ರೊಟೆಕ್ಷನ್, ಅಂದರೆ ಗೋಡೆಯ ಬುಡಕ್ಕೆ ಕಾಂಕ್ರೀಟ್ ಹಾಸು, ಹಾಕಿಸಿ. ನಿಮ್ಮ ಮನೆಯ ಮಟ್ಟಿಗೆ ಮುಖ್ಯ ಕೆಲಸ ಇದೇ, ಅಂಗಳಕ್ಕೆ ಹಾಸುಗಲ್ಲು ಹಾಕಿದಂತೆ ಬೇಕಾಬಿಟ್ಟಿ ಮಾಡುವುದಲ್ಲ. ಮೇಲಿನ ಒಂದೂವರೆ ಅಡಿ ಎರೆಮಣ್ಣು ತೆಗೆದು, ತುಸು ಅಂಟಿರುವ ಗರಸನ್ನು ನೀರು ಚಿಮುಕಿಸಿ ಪದರ ಪದರವಾಗಿ ದಮ್ಮಸ್ಸು ಮಾಡಬೇಕು. ಅಲ್ಲಿ ಮರಳು ತುಂಬಿದರೆ ಜೇಡಿಯ ನಡುವೆ ನೀರಿಗೆ ತೊಟ್ಟಿ ಕಟ್ಟಿಕೊಟ್ಟಂತಾಗುತ್ತದೆ. ಗರಸಿನ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಮೂರು ಇಂಚಿನ ಕಾಂಕ್ರೀಟ್ ಹಾಕಿ, ಆರು ಅಡಿಗೆ ಎರಡೂವರೆ ಇಂಚು ಹೊರಕ್ಕೆ ಇಳಿಜಾರು ಕೊಡಿ. ಗೋಡೆಗೂ ಕಾಂಕ್ರೀಟಿಗೂ ನಡುವೆ ಅರ್ಧ ಇಂಚು ಸಂದು ಬಿಟ್ಟು ಡಾಂಬರು ಸೇರಿದ ಮೆತ್ತನೆಯ ಸಾಮಗ್ರಿ ತುಂಬಿಸಿ. ಕಾಂಕ್ರೀಟನ್ನು ಗೋಡೆಗೆ ಬಿಗಿಯಾಗಿ ಅಂಟಿಸಿದರೆ ಮೊದಲ ಮಳೆಗೇ ಅಲ್ಲಿ ಒಡೆದು, ನೀವು ತಡೆಯಲು ಹೊರಟ ನೀರು ಅದೇ ಸೀಳಿನಿಂದ ಬುನಾದಿಗೆ ಇಳಿಯುತ್ತದೆ. ಈ ಹಾಸು ಮಳೆಯ ನೀರನ್ನು ದೂರವಿಡುವಷ್ಟೇ ಬೇಸಿಗೆಯ ಬಿಸಿಲನ್ನೂ ದೂರವಿಟ್ಟು, ಗೋಡೆಯ ಬುಡದ ತೇವವನ್ನು ಒಂದು ಹದದಲ್ಲಿ ಇಡುತ್ತದೆ.

ಇದಾದ ಮೇಲೆ ಒಂದು ಮಳೆಗಾಲ, ಒಂದು ಬೇಸಿಗೆ ಕಾಯಿರಿ. ಮೊಳೆಗಳ ಅಂತರದ ವ್ಯತ್ಯಾಸ ವರ್ಷದಲ್ಲಿ 1 ಮಿಲಿಮೀಟರ್‌ಗಿಂತ ಕಡಿಮೆಯಾದರೆ ಗೋಡೆಯ ದುರಸ್ತಿ ಮಾಡಬಹುದು. ಬಿರುಕಿನ ಎರಡೂ ಬದಿ ಗಿಲಾವು ಕಿತ್ತು, ಪ್ರತಿ ನಾಲ್ಕೈದು ಇಟ್ಟಿಗೆ ಸಾಲಿಗೊಮ್ಮೆ ಅಡ್ಡ ಸಂದಿನ ಗಾರೆಯನ್ನು ಕೆರೆದು, ಬಿರುಕಿನ ಆಚೆ ಈಚೆ ಒಂದೂವರೆ ಅಡಿ ಚಾಚುವಂತೆ 6 ಮಿಲಿಮೀಟರ್ ಸ್ಟೇನ್‌ಲೆಸ್ ಸ್ಟೀಲ್ ಸರಳು ಕೂರಿಸಿ, ಕುಗ್ಗದ ಗಾರೆಯಿಂದ ಮುಚ್ಚಿಸಿ. ಬಿರುಕಿಗೆ ಸುಣ್ಣ ಸೇರಿದ ಮೆದು ಗಾರೆ ಸಾಕು: ಸಿಮೆಂಟ್ ಒಂದು, ಸುಣ್ಣ ಒಂದು, ಮರಳು ಆರು. ಅದರ ಮೇಲೆ ಜಾಲರಿ ಹೊಡೆದು ಗಿಲಾವು ಮಾಡಿಸಿ.

ಬುನಾದಿಯ ಕೆಳಗೆ ಹೊಸ ಬುನಾದಿ ಕೊಡುವ ಅಂಡರ್‌ಪಿನ್ನಿಂಗ್ ಇಷ್ಟಾದರೂ ಚಲನೆ ನಿಲ್ಲದಿದ್ದರೆ ಮಾತ್ರ. ಮಾಡುವುದಾದರೂ ಒಮ್ಮೆಗೆ ಮೂರು ನಾಲ್ಕು ಅಡಿ ಉದ್ದದ ತುಂಡಷ್ಟೇ ಅಗೆದು, ಅದು ತುಂಬಿ ಗಟ್ಟಿಯಾಗುವವರೆಗೆ ಪಕ್ಕದ ತುಂಡಿಗೆ ಕೈ ಹಚ್ಚದೆ, ಎಂಜಿನಿಯರ್ ಸ್ಥಳದಲ್ಲಿ ನಿಂತು ಮಾಡಿಸಬೇಕು. ಇಡೀ ಗೋಡೆಯ ಉದ್ದಕ್ಕೂ ಒಂದೇ ದಿನ ಗುಂಡಿ ತೋಡುತ್ತೇನೆನ್ನುವವರನ್ನು ಅಂಗಳಕ್ಕೂ ಬಿಟ್ಟುಕೊಳ್ಳಬೇಡಿ.

ಬಿರುಕು ಋತುವಿಗೆ ಕಾಯದೆ ವಾರದಿಂದ ವಾರಕ್ಕೆ ಅಗಲವಾದರೆ, ತೂಗುಗುಂಡು ಹಿಡಿದಾಗ ಗೋಡೆ ವಾಲಿದ್ದು ಕಂಡರೆ, ಅಥವಾ ನೆಲ ಬಡಿದಾಗ ಟೊಳ್ಳು ಸದ್ದು ಬಂದರೆ ಮೇಲಿನದನ್ನೆಲ್ಲ ಬಿಟ್ಟು ಕೂಡಲೇ ತಜ್ಞರನ್ನು ಕರೆಸಿ. ನಿಮ್ಮ ಕಡೆಯ ಹಳೆಯ ಊರುಗಳಲ್ಲಿ ಮುಚ್ಚಿಹೋದ ಹಗೇವುಗಳು (ಹಿಂದೆ ಕಾಳು ಕೂಡಿಡುತ್ತಿದ್ದ ನೆಲದೊಳಗಿನ ಗುಂಡಿಗಳು) ಮನೆಯ ಕೆಳಗೂ ಇರುವುದುಂಟು. ನೆರೆಯ ನರಗುಂದದಲ್ಲಿ ನೆಲ ಕುಸಿದಾಗ ಹಗೇವುಗಳ ಮಾತೂ ಬಂದಿತ್ತು. ನಿವೇಶನದ ಹಿಂದಿನ ಕಥೆಯನ್ನು ಊರ ಹಿರಿಯರಲ್ಲಿ ಒಮ್ಮೆ ಕೇಳಿಡಿ.

ಪ್ರಶ್ನೆ (ಗದಗದ ಸದಸ್ಯರು):

ನಾನು ಮುಂದಿನ ವರ್ಷ ಎರೆಭೂಮಿಯಲ್ಲೇ ಮನೆ ಕಟ್ಟಿಸಬೇಕಾಗಿದೆ. ಮೊದಲೇ ಏನು ಮಾಡಿದರೆ ಈ ಕಾಟ ತಪ್ಪೀತು?

ಉತ್ತರ:

ಮೊದಲು ಮಣ್ಣಿನ ಹಿಗ್ಗುವ ಗುಣವನ್ನು ಪರೀಕ್ಷಿಸಿ. ಒಣಗಿಸಿ ಜರಡಿ ಹಿಡಿದ 10 ಗ್ರಾಂ ಮಣ್ಣನ್ನು 100 ಮಿಲಿಲೀಟರಿನ ಎರಡು ಅಳತೆ ಜಾಡಿಗಳಲ್ಲಿ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ ಕಲಕಿ 24 ಗಂಟೆ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಅದರಲ್ಲಿ 10 ಮಿಲಿಲೀಟರ್‌ಗೆ ನಿಂತ ಮಣ್ಣು ನೀರಿನಲ್ಲಿ 18ಕ್ಕೆ ನಿಂತರೆ ಹಿಗ್ಗು ಶೇಕಡಾ 80 ಎಂದರ್ಥ. 50 ದಾಟಿದರೆ ಎಚ್ಚರ ಬೇಕು. ಸೀಮೆಎಣ್ಣೆ ಸಿಗುವುದೇ ಈಗ ಕಷ್ಟವಾದ್ದರಿಂದ ಮಣ್ಣು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಡುವುದು ಸುಲಭ.

ಹಿಗ್ಗು ಹೆಚ್ಚಿದ್ದರೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ನಮ್ಮ ದೇಶದಲ್ಲಿ ಬಳಕೆಗೆ ತಂದ ಅಂಡರ್ ರೀಮ್ಡ್ ಪೈಲ್, ಅಂದರೆ ನೆಲದೊಳಗೆ ಇಳಿಸುವ ತಳ ಅಗಲದ ಕಾಂಕ್ರೀಟ್ ಕಂಬ, ನನ್ನ ಮೊದಲ ಆಯ್ಕೆ. ಕನಿಷ್ಠ 3.5 ಮೀಟರ್ ಆಳಕ್ಕೆ ಕೊರೆದು, ತಳದಲ್ಲಿ ಕಂಬದ ಎರಡೂವರೆ ಪಟ್ಟು ಅಗಲದ ಗಡ್ಡೆ ಮಾಡಿ ಕಾಂಕ್ರೀಟ್ ತುಂಬುತ್ತಾರೆ. ಮೇಲಿನ ಮಣ್ಣು ಕುಣಿದರೂ ಆ ಗಡ್ಡೆ ಕೆಳಗಿನ ಕದಲದ ಮಣ್ಣಿನಲ್ಲಿ ಲಂಗರಿನಂತೆ ಹಿಡಿದು ನಿಲ್ಲುತ್ತದೆ. ಪೈಲುಗಳ ಮೇಲಿನ ಬೀಮಿಗೂ ನೆಲಕ್ಕೂ ನಡುವೆ ಸಂದು ಬಿಡಿಸಲು ಮರೆಯಬೇಡಿ, ಇಲ್ಲವಾದರೆ ಉಬ್ಬುವ ಮಣ್ಣು ಬೀಮನ್ನೇ ಎತ್ತುತ್ತದೆ. ಇನ್ನೊಂದು ದಾರಿ ಎಂದರೆ ಎರೆಮಣ್ಣಿನ ಮೇಲೆ ಅಂಟಿದ್ದರೂ ಹಿಗ್ಗದ ಮಣ್ಣಿನ ದಪ್ಪ ಪದರ ಹಾಸುವುದು. ಮುಂಬಯಿ ಐಐಟಿಯ ಪ್ರೊಫೆಸರ್ ಆರ್. ಕೆ. ಕಟ್ಟಿ ಅವರು ರೂಪಿಸಿದ ಈ ವಿಧಾನವನ್ನು ನಿಮ್ಮ ಪಕ್ಕದ ಮಲಪ್ರಭಾ ಕಾಲುವೆಯ ಕೆಲಸದಲ್ಲೇ ಬಳಸಿದ್ದಾರೆ.

ಪ್ರಶ್ನೆ (ನವಲಗುಂದದ ಸದಸ್ಯೆ):

ಕೊನೆಯದಾಗಿ, ಬೇವನ್ನು ಕಡಿಸಲೇ? ಗೃಹಪ್ರವೇಶದ ವರ್ಷ ನಮ್ಮ ಮಾವನವರು ನೆಟ್ಟದ್ದು. ಮನಸ್ಸು ಬರುತ್ತಿಲ್ಲ.

ಉತ್ತರ:

ಮರ ಮನೆಗಿಂತ ಹಳೆಯದಾಗಿದ್ದರೆ ಕಡಿಯಬೇಡಿ ಎಂದು ಖಂಡಿತವಾಗಿ ಹೇಳುತ್ತಿದ್ದೆ. ಅದು ಅಷ್ಟು ವರ್ಷ ಒಣಗಿಸಿಟ್ಟ ಮಣ್ಣಿನ ಮೇಲೆ ಮನೆ ಕಟ್ಟಿರುತ್ತೇವೆ, ಮರ ಹೋದ ಮೇಲೆ ಮಣ್ಣು ವರ್ಷಗಟ್ಟಲೆ ನೀರು ಕುಡಿದು ಉಬ್ಬಿ ಮನೆಯನ್ನು ಎತ್ತುತ್ತದೆ. ನಿಮ್ಮದು ಮನೆಯ ನಂತರ ಬೆಳೆದ ಮರವಾದ್ದರಿಂದ ಆ ಭಯ ಕಡಿಮೆ, ಕಡಿದರೂ ನಡೆಯುತ್ತದೆ. ಆದರೆ ಅದಕ್ಕೂ ಮುಂಚೆ ಒಂದು ಪ್ರಯತ್ನ ಮಾಡಬಹುದು. ಕೊಂಬೆಗಳ ಮೂರನೇ ಒಂದು ಭಾಗ ಸವರಿಸಿ, ಎಲೆ ಕಡಿಮೆಯಾದಷ್ಟು ಅದು ಹೀರುವ ನೀರೂ ಕಡಿಮೆಯಾಗುತ್ತದೆ. ಗೋಡೆಯಿಂದ ನಾಲ್ಕು ಅಡಿ, ಮರದಿಂದ ಆರು ಅಡಿ ದೂರದಲ್ಲಿ, ಐದು ಅಡಿ ಆಳದ ಕಿರಿದಾದ ಕಾಲುವೆಯನ್ನು ತುಂಡು ತುಂಡಾಗಿ ತೋಡಿಸಿ, ಮನೆಯ ಕಡೆಗೆ ಬಂದ ಬೇರುಗಳನ್ನು ಗರಗಸದಿಂದ ಕೊಯ್ಯಿಸಿ, ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನೆಟ್ಟಗೆ ನಿಲ್ಲಿಸಿ, ತೋಡಿದ ದಿನವೇ ಮಣ್ಣು ಮುಚ್ಚಿಸಿ. ಪ್ಲಿಂತ್ ಪ್ರೊಟೆಕ್ಷನ್ ಹಾಕುವುದಕ್ಕೆ ಮೊದಲೇ, ಮಳೆ ಶುರುವಾಗುವ ಮುಂಚೆ ಇದು ಮುಗಿಯಬೇಕು. ಒಂದೇ ಬದಿಯ ಬೇರು ಹೋಗಿರುವುದರಿಂದ ಮೊದಲ ಮುಂಗಾರಿನ ಗಾಳಿಯಲ್ಲಿ ಮರ ವಾಲುತ್ತದೆಯೇ ಎಂದು ಗಮನವಿರಲಿ. ಬರುವ ಮೇ ಕೊನೆಯಲ್ಲೂ ಸೆಪ್ಟೆಂಬರಿನಲ್ಲೂ ಮೊಳೆಗಳ ಅಳತೆ ಬರೆದ ವಹಿಯ ಪುಟವನ್ನು ಇಲ್ಲಿಯೇ ಹಾಕಿ, ಕಡಿಯಬೇಕೋ ಬೇಡವೋ ಆಗ ನೋಡೋಣ.