ಗೋದಾಮಿನವರ ಜೊತೆ ಒಪ್ಪಂದ ಮಾಡ್ಕೊಂಡ ಕಾಲೇಜಿನವರು ಯಾರಾದ್ರೂ ಇದ್ದೀರಾ?

ತುಮಕೂರು ಕಡೆಯ ಪದವಿ ಕಾಲೇಜಲ್ಲಿ ಪಾಠ ಮಾಡ್ತೀನಿ. ಈ ವರ್ಷ ಬಿಬಿಎ ಲಾಜಿಸ್ಟಿಕ್ಸ್ ಶುರುವಾಗಿದೆ. ದಾಬಸ್‌ಪೇಟೆ, ನೆಲಮಂಗಲದ ಗೋದಾಮುಗಳು ಹತ್ತಿರಾನೇ ಇವೆ. ಆಡಳಿತ ಮಂಡಳಿಗೆ ಎಂಒಯು (ಒಪ್ಪಂದ ಪತ್ರ) ಬೇಕು, ನನಗೆ ಮಕ್ಕಳು ಏನಾದ್ರೂ ಕಲೀಬೇಕು. ಎಲ್ಲಿಂದ ಶುರು ಮಾಡಲಿ?

*

ಮೇಡಂ, ನೆಲಮಂಗಲದ ಒಂದು ವೇರ್‌ಹೌಸಲ್ಲಿ ಆಪರೇಷನ್ಸ್ ನೋಡ್ಕೊಳ್ತೀನಿ. ಮೊದಲು ಎಚ್‌ಆರ್ ಹತ್ರ ಹೋಗ್ಬೇಡಿ. ಅವರು ಸಹಿ ಹಾಕಿ ಫೋಟೊ ತೆಗೆಸ್ಕೊಂಡಿರ್ತಾರೆ, ಮಕ್ಕಳು ಬಂದು ನಿಲ್ಲೋದು ನಮ್ಮ ಡಾಕ್ (ಲಾರಿಯಿಂದ ಸರಕು ಇಳಿಸೋ ಕಟ್ಟೆ) ಮುಂದೆ. ನಮಗೆ ವಿಷಯಾನೇ ಗೊತ್ತಿರಲ್ಲ. ಸೈಟ್ ಮ್ಯಾನೇಜರನ್ನ ಹಿಡೀರಿ.

ದಸರಾ-ದೀಪಾವಳಿ ಸೇಲ್ ಹೊತ್ತಲ್ಲಿ ಬಂದ್ರೆ ಮಾತಾಡಿಸೋಕೂ ಪುರುಸೊತ್ತಿರಲ್ಲ. ಮಾರ್ಚ್ ಸ್ಟಾಕ್ ಎಣಿಕೆಗೆ ಕಳಿಸಿ. ಜೋಡಿ ಮಾಡಿ ಬಿಡ್ತೀವಿ: ಒಬ್ಬರು ರ‍್ಯಾಕ್ ಲೊಕೇಶನ್ ಸ್ಕ್ಯಾನ್ ಮಾಡೋದು, ಇನ್ನೊಬ್ಬರು ಬಾಕ್ಸ್ ಎಣಿಸೋದು. ಸಿಸ್ಟಮ್‌ನಲ್ಲಿ ಎಷ್ಟಿದೆ ಅಂತ ತೋರಿಸಲ್ಲ, ತೋರಿಸಿದ್ರೆ ಅಷ್ಟೇ ಬರೆದುಬಿಡ್ತಾರೆ! 48 ಇರಬೇಕಾದ ಕಡೆ 42 ಬಂತು ಅನ್ಕೊಳ್ಳಿ. ಆ 6 ಎಲ್ಲಿ ಹೋಯ್ತು ಅಂತ ಜಿಆರ್‌ಎನ್ (ಸರಕು ಒಳಬಂದಾಗ ಬರೆಯೋ ರಸೀದಿ), ಪಿಕ್ ಲಿಸ್ಟ್ (ಆರ್ಡರ್‌ಗೆ ತೆಗೀಬೇಕಾದ ಸರಕಿನ ಪಟ್ಟಿ), ರಿಟರ್ನ್ ಎಂಟ್ರಿ ಎಲ್ಲ ತಡಕ್ತಾ ಹೋಗೋದೇ ಪಾಠ. ಎಷ್ಟೋ ಸಲ ಪಕ್ಕದ ಬಿನ್‌ನಲ್ಲೇ (ರ‍್ಯಾಕ್ ಖಾನೆಯಲ್ಲೇ) ಕೂತಿರತ್ತೆ.

*

ನಾವು ಇದೇ ಕೋರ್ಸ್ ನಡೆಸುತ್ತಿದ್ದೇವೆ. ಇಂಟರ್ನ್‌ಶಿಪ್ ಮತ್ತು ಅಪ್ರೆಂಟಿಸ್‌ಶಿಪ್ ಒಂದೇ ಎಂದು ಆಡಳಿತ ಮಂಡಳಿಯವರು ತಿಳಿದಿರುತ್ತಾರೆ, ಮೊದಲೇ ಬಿಡಿಸಿ ಹೇಳಿ. ಅಪ್ರೆಂಟಿಸ್ ಆದರೆ ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ಕರಾರು ಆಗಬೇಕು, ಸ್ಟೈಪೆಂಡ್ ಕೊಡಲೇಬೇಕು. ಪದವಿಯೊಳಗೇ ಅಪ್ರೆಂಟಿಸ್‌ಶಿಪ್ ಸೇರಿಸಲು ಯುಜಿಸಿ 2020ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಬಿಬಿಎ 2024-25ರಿಂದ ಎಐಸಿಟಿಇ (ತಾಂತ್ರಿಕ ಶಿಕ್ಷಣ ಪರಿಷತ್ತು) ವ್ಯಾಪ್ತಿಗೆ ಬಂದಿರುವುದರಿಂದ ಆ ಕಡೆಯ ಕಾಗದಪತ್ರವನ್ನೂ ನೋಡಿಕೊಳ್ಳಿ.

ಅಂಕ ಮಾತ್ರ ಕಂಪನಿ ಕೈಗೆ ಬಿಡಬೇಡಿ. ಸೂಪರ್‌ವೈಸರ್ ಪಾಪ, ಎಲ್ಲರಿಗೂ ಹತ್ತಕ್ಕೆ ಹತ್ತು ಹಾಕಿ ಕಳಿಸುತ್ತಾರೆ. ಹಾಜರಿ ಅವರದು, ವೈವಾ ನಮ್ಮದು.

ಇನ್ನೊಂದು: 2022ರ ಯುಜಿಸಿ ಮಾರ್ಗಸೂಚಿಯಂತೆ, ಕನಿಷ್ಠ 15 ವರ್ಷ ಅನುಭವ ಇರುವ ಉದ್ಯಮದವರನ್ನು ಪಿಎಚ್‌ಡಿ ಇಲ್ಲದಿದ್ದರೂ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಆಗಿ ಕರೆಯಬಹುದು. ಮೇಲೆ ಬರೆದವರಿಗೆ ಅಷ್ಟು ಸರ್ವಿಸ್ ಆಗಿದ್ದರೆ ಅವರನ್ನೇ ಕರೆಯಿರಿ!

*

ನಾನು ಇಂಥ ಕೋರ್ಸ್ ಮುಗಿಸಿದ ಹುಡುಗಿ. ಒಂದು ಕಂಪನಿ ನಮ್ಮನ್ನ ಪೂರ್ತಿ ಅವಧಿ ಲೇಬಲ್ ಅಂಟಿಸೋಕೇ ಕೂರಿಸ್ತು. ಕಾಲೇಜಿಗೆ ಹೇಳಿದ್ರೆ "ಒಪ್ಪಂದದಲ್ಲಿ ಏನೂ ಬರೆದಿಲ್ಲಮ್ಮ" ಅಂದ್ರು. ಹಾಗಾಗಿ ಮೇಡಂ, ಇನ್‌ವರ್ಡ್ (ಸರಕು ಒಳಗೆ ತಗೊಳ್ಳೋದು), ಪುಟ್‌ಅವೇ (ರ‍್ಯಾಕಿಗೆ ಜೋಡಿಸೋದು), ಡಿಸ್ಪ್ಯಾಚ್, ರಿಟರ್ನ್ಸ್ ಎಲ್ಲ ಕಡೆ ತಿರುಗಿಸ್ತೀವಿ ಅಂತ ಬರೆಸ್ಕೊಳ್ಳಿ. ಡಿಸ್ಪ್ಯಾಚ್ ಡೆಸ್ಕಲ್ಲಿ ಕೂತಾಗಲೇ ನನಗೆ ಇ-ವೇ ಬಿಲ್ (ಸರಕು ಸಾಗಿಸೋವಾಗ ಬೇಕಾದ ಜಿಎಸ್‌ಟಿ ದಾಖಲೆ) ತಲೆಗೆ ಹತ್ತಿದ್ದು: ಪ್ರತಿ 200 ಕಿ.ಮೀ.ಗೆ ಒಂದು ದಿನ ಅವಧಿ, ಲಾರಿ ಕೆಟ್ಟು ನಿಂತ್ರೆ ಅವಧಿ ವಿಸ್ತರಿಸಬೇಕು ಅನ್ನೋದೆಲ್ಲ. ಸೆಕೆಂಡ್ ಶಿಫ್ಟ್ ಆದ್ರೆ ಹುಡುಗೀರಿಗೆ ವಾಪಸ್ ಬರೋಕೆ ಗಾಡಿ ಯಾರು ಕೊಡ್ತಾರೆ ಅನ್ನೋದೂ ಇರಲಿ.

*

ಕಳಿಸೋ ಮುಂಚೆ ಕ್ಲಾಸಲ್ಲೇ ‘ಬಿಯರ್ ಗೇಮ್’ ಆಡಿಸಿ, ಅಮೆರಿಕದ ಎಂಐಟಿಯವರದು. ಅಂಗಡಿ, ಹೋಲ್‌ಸೇಲ್, ಡಿಸ್ಟ್ರಿಬ್ಯೂಟರ್, ಫ್ಯಾಕ್ಟರಿ ಅಂತ ನಾಲ್ಕು ಜನ. ಗಿರಾಕಿ ಬೇಡಿಕೆ ವಾರಕ್ಕೆ 4ರಿಂದ 8ಕ್ಕೆ ಏರಿ ಅಲ್ಲೇ ನಿಲ್ಲತ್ತೆ, ಅಷ್ಟೇ. ಆದ್ರೂ ಒಬ್ಬೊಬ್ಬರೂ ಹಿಂದಿನವರಿಗೆ ಜಾಸ್ತಿ ಜಾಸ್ತಿ ಆರ್ಡರ್ ಕೊಡ್ತಾ ಹೋಗಿ, ಫ್ಯಾಕ್ಟರಿಯವನು ಗಾಬರಿಯಾಗಿ ಮನಸ್ಸಿಗೆ ಬಂದಷ್ಟು ತಯಾರಿಸ್ತಾನೆ. ಪ್ರಿನ್ಸಿಪಾಲರು ಹೆಸರು ಕೇಳಿ ಹುಬ್ಬು ಗಂಟಿಕ್ಕಿದ್ರೆ ಹಾಲಿನ ಪ್ಯಾಕೆಟ್ ಅನ್ನಿ, ನಾವೂ ಹಾಗೇ ಮಾಡಿದ್ದು.

*

ಎಲ್ಲರಿಗೂ ಥ್ಯಾಂಕ್ಸ್. ನೆಲಮಂಗಲದ ಸರ್, ಮಾರ್ಚ್‌ಗೆ ಎಷ್ಟು ಜನರನ್ನ ತಗೋಬಹುದು? ನಮ್ಮಲ್ಲಿ ಆಗ ಇಂಟರ್ನಲ್ಸ್ ಇರತ್ತೆ, ಈಗಲೇ ಹೇಳಿದ್ರೆ ತಾರೀಕು ಹಿಂದೆಮುಂದೆ ಮಾಡಿಸ್ತೀನಿ.