ಬೇಸ್‌ಮೆಂಟಿನಲ್ಲಿ ಅಂಬೆಗಾಲು

ರಾಯರು ತಮ್ಮ ಬೇಸ್‌ಮೆಂಟು ಮುಗೀತು ಅಂತ ನಮ್ಮನ್ನು ಕರೆದದ್ದು ನೋಡೋದಕ್ಕಲ್ಲ, ಹೊಗಳೋದಕ್ಕೆ. ಆ ಕೆಲಸವನ್ನು ನಾವು ಮೆಟ್ಟಿಲಿಳಿಯುವಾಗಲೇ ಮುಗಿಸಿಬಿಟ್ಟೆವು. ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಒಂದು ದೊಡ್ಡ ಹಾಲು, ಪಕ್ಕಕ್ಕೆ ಓದುವ ಕೋಣೆ, ಅದರಾಚೆ ವ್ಯಾಯಾಮದ ಕೋಣೆ, ಮೂಲೆಯಲ್ಲಿ ಸ್ನಾನದ ಮನೆ. ಹೊಗಳಿಕೆ ಸಾಕಾದ ಮೇಲೆ ರಾಯರು ಜೇಬಿನಿಂದ ನಾಲ್ಕು ಮಡಿಕೆಯ ಗ್ರಾಫ್ ಹಾಳೆ ತೆಗೆದು ನೆಲದ ಮೇಲೆ ಹಾಸಿದರು. ಅದರ ತುಂಬ ಕೆಂಪು ಚುಕ್ಕೆ.

"ಇದೇನ್ರೀ, ಮನೆಗೆ ದಡಾರ ಬಂದಿದೆಯಾ?" ಅಂದರು ಮೇಷ್ಟ್ರು.

"ಸ್ಪೀಕರು ಕಣ್ರೀ! ಒಟ್ಟು 14. ಎಲ್ಲ ಕೋಣೆಯಲ್ಲೂ ಒಂದೇ ಹಾಡು. ಹಾಲಿನಲ್ಲಿ ಪಲ್ಲವಿ ಕೇಳಿ ಎದ್ದವನು ಸ್ನಾನದ ಮನೆ ಸೇರೋ ಹೊತ್ತಿಗೆ ಚರಣ ಅಲ್ಲೇ ಕಾಯ್ತಿರಬೇಕು."

ಪುಟ್ಟ ಅಷ್ಟು ಹೊತ್ತೂ ಮಾತಾಡಿರಲಿಲ್ಲ. ವೈರಿಂಗ್ ಕೆಲಸದವನು, ಗೋಡೆ ಕಂಡರೆ ಕೈ ತಾನಾಗೇ ಹೋಗುತ್ತೆ. ಅಲ್ಲಲ್ಲಿ ಬೆರಳ ಗೆಣ್ಣಿನಿಂದ ತಟ್ಟಿಕೊಂಡು ಒಂದು ಸುತ್ತು ಬಂದು, ಬಲು ವಿನಯದಿಂದ ಕೇಳಿದ: "ಸಾರ್, ಸ್ಪೀಕರ್ ವೈರು ಎಲ್ಲೆಲ್ಲಿ ಬಿಡಿಸಿದೀರಿ?"

"ಯಾವ ವೈರು?"

ಪುಟ್ಟ ನನ್ನ ಮುಖ ನೋಡಿದ. ನಾನು ಮೇಷ್ಟ್ರ ಮುಖ ನೋಡಿದೆ. ಮೇಷ್ಟ್ರು ಸೀಲಿಂಗ್ ನೋಡಿದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅಂತಾರಲ್ಲ, ಇಲ್ಲಿ ಆ ಬಾಗಿಲಿಗೆ ಎರಡು ಕೋಟು ಬಣ್ಣವೂ ಆಗಿತ್ತು.

"ಈಗೆಲ್ಲ ವೈರ್‌ಲೆಸ್ ಕಣಯ್ಯ," ಅಂದರು ರಾಯರು, ಸ್ವಲ್ಪ ಸಣ್ಣ ದನಿಯಲ್ಲಿ.

"ವೈರ್‌ಲೆಸ್ ಸ್ಪೀಕರೂ ಕರೆಂಟು ಕುಡಿಯತ್ತೆ ಸಾರ್. 14 ಸ್ಪೀಕರಿಗೆ 14 ಪ್ಲಗ್ಗು. ಸ್ನಾನದ ಮನೆಯಲ್ಲಿ ಎಲ್ಲಿ ಸಿಗಿಸ್ತೀರಿ, ಷವರಿಗೆ?"

ವೈಫೈ ವಿಚಾರ ಬಂತು. ಅದರಲ್ಲಿ ಎರಡು ಬಗೆಯ ಅಲೆ. 5 ಗಿಗಾಹರ್ಟ್ಸ್ ವೇಗದ ಕುದುರೆ, ಆದರೆ ಕಾಂಕ್ರೀಟ್ ಗೋಡೆ ಕಂಡರೆ ಮಂಡಿಯೂರುತ್ತೆ, 2.4 ನಿಧಾನ, ಹೇಗೋ ತೂರಿಕೊಂಡು ಬರುತ್ತೆ. ಬ್ಲೂಟೂತ್ ಕೋಣೆ ದಾಟಿಸೋ ಆಸೆಯನ್ನಂತೂ ಬಿಟ್ಟೇಬಿಡಿ ಅಂದ ಪುಟ್ಟ. ಕಡೇಪಕ್ಷ ಮೇಲಿನಿಂದ ಒಂದು ನೆಟ್‌ವರ್ಕ್ ಕೇಬಲ್ ಎಳೆದು ಕೆಳಗೊಂದು ವೈಫೈ ಡಬ್ಬಿ ಇಡಿ. ಆ ಕೇಬಲ್ 100 ಮೀಟರ್ ತನಕ ತಕರಾರಿಲ್ಲದೆ ಕೆಲಸ ಮಾಡುತ್ತೆ.

"ಆಮೇಲೆ ಒಂದು ಕಂಪನಿಯ ಸ್ಪೀಕರು ಇಲ್ಲಿ, ಇನ್ನೊಂದರದ್ದು ಅಲ್ಲಿ ಅಂತ ಸೇರಿಸಬೇಡಿ," ಅಂದರು ಮೇಷ್ಟ್ರು. "ಒಂದೊಂದು ಕಂಪನಿಯದ್ದು ಒಂದೊಂದು ಹೊತ್ತಿಗೆ ನುಡಿಯತ್ತೆ. ಸದ್ದು ಸೆಕೆಂಡಿಗೆ 343 ಮೀಟರ್ ಓಡತ್ತೆ. ಅಂದ್ರೆ ಮೀಟರಿಗೆ ಹೆಚ್ಚೂಕಡಿಮೆ 3 ಮಿಲಿಸೆಕೆಂಡು. ಎರಡು ಸದ್ದು ಒಂದರ ಹಿಂದೊಂದು ಸುಮಾರು 30-40 ಮಿಲಿಸೆಕೆಂಡಿನೊಳಗೆ ಬಂದ್ರೆ ಕಿವಿ ಎರಡನ್ನೂ ಒಂದೇ ಅಂದ್ಕೊಳ್ಳತ್ತೆ. ಅದಕ್ಕಿಂತ ತಡವಾಯ್ತೋ, ಹಾಡು ತನ್ನನ್ನೇ ಅಣಕಿಸಿದ ಹಾಗೆ ಕೇಳತ್ತೆ. ನೀವು ಬಾಗಿಲಲ್ಲಿ ನಿಂತ್ರೆ ಎಡಗಿವಿಗೆ ಪಲ್ಲವಿ, ಬಲಗಿವಿಗೆ ಅದರ ತಿಥಿ."

ರಾಯರು ಸೋಲುವವರಲ್ಲ. "ಸರಿ, ವೈರೇ ಎಳೆಯೋಣ. 1000 ವಾಟಿನ ಒಂದೇ ಆಂಪು, ಅದೇ ಆಂಪ್ಲಿಫೈಯರು, ಅದಕ್ಕೇ ಎಲ್ಲ ಸ್ಪೀಕರೂ ಕಟ್ಟಿಬಿಡೋಣ."

ಪುಟ್ಟ ಹಣೆ ಚಚ್ಚಿಕೊಂಡ. "ಓಮ್ ಅಂದ್ರೆ ಕರೆಂಟಿಗೆ ಸ್ಪೀಕರು ಒಡ್ಡೋ ಅಡ್ಡಿಯ ಲೆಕ್ಕ ಸಾರ್. 8 ಓಮಿನ ಎರಡು ಸ್ಪೀಕರು ಪ್ಯಾರಲಲ್ ಆಗಿ ಕಟ್ಟಿದ್ರೆ ಆಂಪಿಗೆ 4 ಓಮ್ ಕಾಣತ್ತೆ. ನಾಲ್ಕು ಕಟ್ಟಿದ್ರೆ 2. ಮನೆ ಬಳಕೆಯ ಎಷ್ಟೋ ಆಂಪುಗಳು 4ರ ಕೆಳಗಿಳಿದ್ರೆ ಕೈ ಮುಗೀತಾವೆ. ಒಂದೇ ಟ್ಯಾಂಕಿಗೆ ಹತ್ತು ನಲ್ಲಿ ತಿರುಗಿಸಿದ ಹಾಗೆ. ಕಿವಿಗೆ ಹಾಡು ಬರೋಕೆ ಮುಂಚೆ ಮೂಗಿಗೆ ಹೊಗೆ ಬರತ್ತೆ."

"ಮತ್ತೇನಪ್ಪ ದಾರಿ?"

"ಕೋಣೆಗೊಂದು ಜೊತೆ ಔಟ್‌ಪುಟ್ ಇರೋ ಆಂಪು ತಗೊಳ್ಳಿ. ಇಲ್ಲಾಂದ್ರೆ ಗೋಡೆಗೆ ಹಾಕೋ ವಾಲ್ಯೂಮ್ ಗುಂಡಿ ಬರತ್ತೆ, ಒಳಗೆ ಸಣ್ಣ ಟ್ರಾನ್ಸ್‌ಫಾರ್ಮರ್ ಇರತ್ತೆ, ಓಮ್ ಲೆಕ್ಕ ಅದೇ ಸರಿದೂಗಿಸತ್ತೆ. ಆಂಪಿನಿಂದ ಹೊರಟ ವೈರು ಗುಂಡಿಗೆ, ಗುಂಡಿಯಿಂದ ಸ್ಪೀಕರಿಗೆ."

"ಗುಂಡಿ!" ರಾಯರ ಕಣ್ಣು ಅರಳಿತು. "ಹಾಲಿನ ಗುಂಡಿ ಮಾತ್ರ ನನ್ನ ಸೋಫಾ ಪಕ್ಕದಲ್ಲೇ ಇರಬೇಕು. ಬೇರೆ ಯಾರ ಕೈಗೂ ಸಿಗಬಾರದು."

1000 ವಾಟಿನ ಆಸೆಯನ್ನು ಮೇಷ್ಟ್ರು ಇಳಿಸಿದರು. ವಾಟು ದುಪ್ಪಟ್ಟು ಮಾಡಿದರೆ ಏರೋದು 3 ಡೆಸಿಬೆಲ್, ಕಿವಿಗೆ ಅದು 'ಹ್ಞಾಂ, ಸ್ವಲ್ಪ ಜಾಸ್ತಿ ಆಯ್ತೇನೋ' ಅನ್ನೋ ಅಷ್ಟೇ. ಸದ್ದು ಎರಡರಷ್ಟು ಅನ್ನಿಸಬೇಕಾದರೆ ಹತ್ತರಷ್ಟು ವಾಟು ಸುರಿಯಬೇಕು. ಓದುವ ಕೋಣೆಯಲ್ಲಿ ಹಾಡು ಗುನುಗುಡೋದಕ್ಕೆ ಒಂದು ವಾಟೂ ಖರ್ಚಾಗಲ್ಲವಂತೆ. ನನ್ನದೂ ಒಂದು ಮಾತು ಇರಲಿ ಅಂತ ಹೇಳಿದೆ, ವ್ಯಾಯಾಮದ ಕೋಣೆಗೆ ಸ್ಟೀರಿಯೋ ಯಾಕೆ? ಅಲ್ಲಿ ಯಾರೂ ಒಂದು ಕಡೆ ಕೂರಲ್ಲ. ಬಗ್ಗಿದಾಗ ಪಿಟೀಲು, ಎದ್ದಾಗ ಮೃದಂಗ ಕೇಳಬೇಕಾ? ಎಲ್ಲ ಕಡೆ ಒಂದೇ ಸದ್ದು ಕೊಡೋ ಮೋನೋ ಸಾಕು. ಹಾಳೆಯಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ ಹೊಡೆದುಹಾಕುತ್ತಾ 14ರಿಂದ 9ಕ್ಕೆ ಇಳಿದೆವು. ರಾಯರು ಒಂದೊಂದು ಚುಕ್ಕೆಗೂ ನಿಟ್ಟುಸಿರು ಬಿಟ್ಟರು.

ಆಗ ಮೇಷ್ಟ್ರು ಹಾಲಿನ ನಡುವೆ ನಿಂತು ಒಂದೇ ಒಂದು ಚಪ್ಪಾಳೆ ತಟ್ಟಿದರು. 'ಟಪ್' ಅಂತ ಹೊರಟದ್ದು ಬರಿ ಗೋಡೆಗಳ ನಡುವೆ 'ಟ್ರ್ರ್ರ್‌ರ್' ಅಂತ ಓಡಾಡಿತು. ಮಳೆ ನಿಂತರೂ ಮರದ ಹನಿ ನಿಲ್ಲಲಿಲ್ಲ.

"1895ರಲ್ಲಿ ಹಾರ್ವರ್ಡ್‌ನಲ್ಲಿ ಫಾಗ್ ಮ್ಯೂಸಿಯಂ ಅಂತ ಹೊಸ ಕಟ್ಟಡ. ಅದರ ಉಪನ್ಯಾಸದ ಹಾಲಿನಲ್ಲಿ ಒಂದು ಮಾತಾಡಿದ್ರೆ ಐದೂವರೆ ಸೆಕೆಂಡು ಗುಂಯ್‌ಗುಡ್ತಿತ್ತು. ವಾಲೆಸ್ ಸೇಬೈನ್ ಅನ್ನೋ ಭೌತಶಾಸ್ತ್ರದ ಮೇಷ್ಟ್ರಿಗೆ ಸರಿಮಾಡಪ್ಪ ಅಂದ್ರು. ಆತ ರಾತ್ರೋರಾತ್ರಿ ಪಕ್ಕದ ಸ್ಯಾಂಡರ್ಸ್ ಥಿಯೇಟರಿನ ಮೆತ್ತೆಗಳನ್ನ ಹೊತ್ತು ತಂದು ಹರಡೋದು, ಆರ್ಗನ್ ಕೊಳವೆ ಊದಿಸೋದು, ಸ್ಟಾಪ್‌ವಾಚು ಹಿಡಿದು ಸದ್ದು ಎಷ್ಟು ಹೊತ್ತಿಗೆ ಸಾಯತ್ತೆ ಅಂತ ನೋಡೋದು. ಬೆಳಗಾಗೋ ಹೊತ್ತಿಗೆ ಮೆತ್ತೆ ಮತ್ತೆ ಥಿಯೇಟರಿಗೆ. ಕೋಣೆಯ ಶಬ್ದಶಾಸ್ತ್ರ ಹುಟ್ಟಿದ್ದೇ ಆ ಮೆತ್ತೆ ಹೊರೋ ಕೆಲಸದಿಂದ. ನೀವೂ ಮೊದಲು ಜಮಖಾನೆ, ಪರದೆ, ಪುಸ್ತಕದ ಕಪಾಟು ತನ್ನಿ. ಸ್ಪೀಕರು ಆಮೇಲೆ."

"ಮೇಲಿನ ದಿಂಬು ಒಂದೂ ಕೆಳಗಿಳೀಕೂಡದು!" ಅಂತ ಮೆಟ್ಟಿಲ ತಲೆಯಿಂದ ಅತ್ತಿಗೆಯ ದನಿ. ಅದಕ್ಕೆ ಯಾವ ಆಂಪೂ ಬೇಕಿರಲಿಲ್ಲ.

ವೈರು ಬಿಡಿಸದ ರಾಯರು ಬೇಸು, ಅಂದರೆ ತಗ್ಗಿನ ದನಿ, ನುಡಿಸುವ ಸಬ್‌ವೂಫರನ್ನು ಮಾತ್ರ ಆಗಲೇ ತಂದಿಟ್ಟಿದ್ದರು. ಎಲ್ಲಿಡೋದು? ಮೂಲೆಗೆ ತಳ್ಳಿದರು, ನುಡಿಸಿದರು. ಗೋಡೆ ಹತ್ತಿರ ನಿಂತ ನನಗೆ ಎದೆ ಅದುರಿತು. ಹಾಲಿನ ಸರಿ ಮಧ್ಯದ ಸೋಫಾದಲ್ಲಿ ಕೂತ ರಾಯರಿಗೆ ಏನೂ ಇಲ್ಲ. "ಕೆಟ್ಟೋಗಿದೆ," ಅಂದರು.

"ಕೆಟ್ಟಿರೋದು ಸೋಫಾ ಇಟ್ಟ ಜಾಗ," ಅಂದರು ಮೇಷ್ಟ್ರು. "ಹಾಲು 7 ಮೀಟರ್ ಉದ್ದ ಇದೆ. ಹತ್ತಿರ ಹತ್ತಿರ 25 ಹರ್ಟ್ಸಿನ ಅಲೆ ಆ ಎರಡು ಗೋಡೆಗಳ ನಡುವೆ ಉಯ್ಯಾಲೆ ಆಡತ್ತೆ. ಗೋಡೆ ಹತ್ತಿರ ಪೂರ್ತಿ ಜೋರು, ನಟ್ಟನಡುವೆ ಸೊನ್ನೆ. ನೀವು ಸೊನ್ನೆ ಮೇಲೆ ಕೂತಿದೀರಿ. ಸೋಫಾ ಒಂದೂವರೆ ಮೀಟರ್ ಹಿಂದಕ್ಕೆ ತಳ್ಳಿ. ಆಮೇಲೆ ಸಬ್‌ವೂಫರನ್ನ ಎತ್ತಿ ಸೋಫಾ ಮೇಲೆ ಕೂರಿಸಿ."

"ನಾನು?"

"ನೀವು ಅಂಬೆಗಾಲಿಡಿ."

ತಮಾಷೆಯಲ್ಲ, ಇದು ಬಲ್ಲವರು ಮಾಡುವ ಉಪಾಯವೇ. ಸಬ್‌ವೂಫರು ಕೂರೋ ಜಾಗ, ಕಿವಿ ಇರೋ ಜಾಗ ಅದಲುಬದಲು ಮಾಡಿದರೂ ಫಲ ಒಂದೇ. ಆದ್ದರಿಂದ ಅದನ್ನು ನಮ್ಮ ಜಾಗದಲ್ಲಿ ಕೂರಿಸಿ, ನಾವು ನೆಲಕ್ಕೆ ಕಿವಿ ತಗ್ಗಿಸಿಕೊಂಡು ಗೋಡೆಯುದ್ದಕ್ಕೂ ಹೋಗೋದು. ಎಲ್ಲಿ ಕೇಳೋಕೆ ಚೆನ್ನವೋ ಅಲ್ಲೇ ಅದರ ಜಾಗ.

ಸಬ್‌ವೂಫರು ಯಜಮಾನನ ಹಾಗೆ ಸೋಫಾ ಮೇಲೆ ಕೂತು ಗುಡುಗಿತು. ರಾಯರು ಪಂಚೆ ಎತ್ತಿ ಕಟ್ಟಿ ಹೊರಟರು. ಹೊಟ್ಟೆ ಒಂದು ಅಂಗುಲ ಮುಂದೆ, ಅವರು ಅದರ ಹಿಂದೆ. ಮೊದಲ ಮೂಲೆ: "ಡಬ್ಬ ಬಡಿದ ಹಾಗಿದೆ." ಎರಡು ಮಾರು ಮುಂದೆ: "ಏನೂ ಇಲ್ಲ." ಇನ್ನೂ ಮುಂದೆ: "ಉಸಿರು ಕಟ್ಟತ್ತೆ." ಅದು ಬೇಸಿನ ಮಾತೋ ತಮ್ಮದೋ ಹೇಳಲಿಲ್ಲ. ಮೂರನೇ ಗೋಡೆಗೆ ಬಂದವರು ತಟಕ್ಕನೆ ನಿಂತು ಕೂಗಿದರು, "ಇಲ್ಲಿ! ಇಲ್ಲಿ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳ್ತಿದೆ!"

ನೋಡಿದರೆ ಅದು ಸ್ನಾನದ ಮನೆಯ ಹೊಸ್ತಿಲು.

ಅಷ್ಟರಲ್ಲಿ ಅತ್ತಿಗೆ ಇಳಿದು ಬಂದರು. ಸೋಫಾ ಮೇಲಿನ ಡಬ್ಬಿಯನ್ನೂ ನೆಲದ ಮೇಲಿನ ಗಂಡನನ್ನೂ ಒಂದು ಸಲ ನೋಡಿ, "ಏನು ಕಳ್ಕೊಂಡಿದಾರೆ?" ಅಂದರು.

"ಬೇಸ್ ಹುಡುಕ್ತಿದಾರೆ, ಅತ್ತಿಗೆ."

"ಅದು ಇಲ್ಲಿಲ್ಲ, ಮೇಲೆ ಬಂದಿದೆ. ನನ್ನ ಬೀರುವಿನ ಗಾಜು ಕುಣೀತಿದೆ, ಹಿಡ್ಕೊಂಡು ನಿಂತಿದ್ದೆ."

ಸಬ್‌ವೂಫರಿನ ಕಾಲಿಗೆ ರಬ್ಬರ್ ಕೊಡೋಣ, ಬಾಗಿಲ ಕೆಳಗಿನ ಸಂದು ಮುಚ್ಚೋಣ ಅಂತೆಲ್ಲ ಪುಟ್ಟ ಹೇಳಿದ. ಅತ್ತಿಗೆ ಪೂರ್ತಿ ಕೇಳದೆ ಮೇಲೆ ಹೋದರು.

ಆಗ ರಾಯರಿಗೆ ನೆನಪಾಯಿತು. "ತಾಳು, ಒಂದು ಖಾಲಿ ಪೈಪು ಬಿಡಿಸಿದ್ದೆ! ಸೋಫಾ ಪಕ್ಕದ ಗೋಡೆಯಿಂದ ಓದುವ ಕೋಣೆಗೆ. ಅಲ್ಲೆಲ್ಲೋ ಗಿಲಾವಿನೊಳಗೆ ಮುಚ್ಚಿಹೋಗಿರಬೇಕು."

ಹಾಲಿನ ಗೋಡೆಯಲ್ಲಿ ಮುಚ್ಚಳ ಹಾಕಿದ ಡಬ್ಬಿ ನಿಜಕ್ಕೂ ಇತ್ತು. ಪುಟ್ಟ ಮೇನ್ ಆಫ್ ಮಾಡಿ, ಮುಚ್ಚಳ ಬಿಚ್ಚಿ, ಬಾಗುವ ಸ್ಟೀಲ್ ತಂತಿಯನ್ನು ಪೈಪಿನೊಳಗೆ ತಳ್ಳತೊಡಗಿದ. ನಾವು ಟಾರ್ಚು ಹಿಡಿದು ಓದುವ ಕೋಣೆಯ ಗೋಡೆಗೆ ಕಿವಿ ಹಚ್ಚಿ ನಿಂತೆವು. 3 ಮೀಟರ್ ಹೋಯಿತು. 5 ಆಯಿತು. "ಬಂತಾ?" "ಇಲ್ಲ." 8 ಆಯಿತು. ಓದುವ ಕೋಣೆ ಇರುವುದೇ 4 ಮೀಟರ್ ದೂರ.

ಮೇಲಿನಿಂದ ಒಂದು ಕಿರುಚಾಟ. "ರೀ! ಗೋಡೆಯಿಂದ ಹಾವಿನ ಹಾಗೆ ಏನೋ ತಲೆ ಹಾಕ್ತಿದೆ!"

ಓಡಿದೆವು. ಅತ್ತಿಗೆಯ ಕುರ್ಚಿಯ ಪಕ್ಕ, ಸ್ವಿಚ್ ಬೋರ್ಡಿನ ಕೆಳಗೆ, ಇಷ್ಟು ದಿನ ಯಾಕಿದೆಯೆಂದು ಯಾರಿಗೂ ತಿಳಿಯದಿದ್ದ ಖಾಲಿ ಡಬ್ಬಿಯಿಂದ ತಂತಿಯ ತುದಿ ಹೊರಗೆ ಇಣುಕುತ್ತಿತ್ತು. ಪುಟ್ಟ ಕೆಳಗಿನಿಂದ ಇನ್ನೂ ತಳ್ಳುತ್ತಲೇ ಇದ್ದ. ಅದು ಒಂದೊಂದೇ ಅಂಗುಲ ಬೆಳೆಯುತ್ತಿತ್ತು.

ಅತ್ತಿಗೆ ಗಾಬರಿ ಇಳಿದ ಮೇಲೆ ತಂತಿಯನ್ನು ಎರಡು ಬೆರಳಲ್ಲಿ ಹಿಡಿದು ಕೇಳಿದರು, "ಇದು ನಿಮ್ಮ ಸೋಫಾ ಹತ್ತಿರದಿಂದ ಬಂದಿದ್ದಾ?"

"ಹೌದು," ಅಂದರು ರಾಯರು.

"ಪುಟ್ಟ ಅದೇನೋ ವಾಲ್ಯೂಮ್ ಗುಂಡಿ ಅಂತಿದ್ದನಲ್ಲ, ಅದನ್ನ ಇಲ್ಲೇ ಕೂರಿಸೋಕೆ ಹೇಳಿ."